ಹದ್ದಿಗೊಂದು ಕಂಬ

ಇವತ್ತು ಬೆಳಿಗ್ಗೆ ಪುಣೆಯ ನಮ್ಮ ಯೆರವಡಾದ ಗಲ್ಲಿಯಲ್ಲಿ ಹಳೇ ಕಬ್ಬಿಣ ಕೊಳ್ಳುವ ಭಂಗಾರವಾಲಾನ ಕೂಗು ಕೇಳಿದ್ದೇ ತಡ, ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಾಲ್ಕನಿಗೆ ಹೊರಟಳು. ಅವಳ ಕಣ್ಣು ಯಾವುದರ ಮೇಲಿದೆ ಎಂದು ನನಗೆ ಗೊತ್ತು. ಬಸಳೆ ಬಳ್ಳಿ ಹಬ್ಬಲಿ ಎಂದು ಕುಂಡದಲ್ಲಿ ನಾನು ನಿಲ್ಲಿಸಿರುವ ಒಂದು ಕಬ್ಬಿಣದ ಪಟ್ಟಿ. ಪಟ್ಟಿಯ ತುಂಬ ಗೇಣುದ್ದದ ಮುಳ್ಳುಗಳು. ಮನೆಯಲ್ಲಿ ಅದು ಹರಿಯದ ಬಟ್ಟೆ ಉಳಿದಿಲ್ಲ.

“ಏನ್ರಿ, ಈ ಹಾಳಾದ್ದನ್ನ ಇವತ್ತರೆ ಕೊಟ್ಟು ಕಳಸ್ಲೇನು?”

“ಬ್ಯಾಡ. ಅದು ಬರೇ ಕಬ್ಬಣ ಅಲ್ಲ.”

“ಮತ್ತೇನು, ದೇವರ ಮನ್ಯಾಗ ಇಟ್ಟು ಪೂಜಾ ಮಾಡ್ಲ್ಯಾ?”

ಇಂಥ ಪ್ರಶ್ನೆಗೆ ಧಾರವಾಡದ ಗಂಡಸರು ಉತ್ತರ ಕೊಡುವುದಿಲ್ಲ, ಚಹಾ ಕೇಳುತ್ತಾರೆ. ನಾನೂ ಕೇಳಿದೆ. ಅವಳು ನೂರು ಸಲ ಕೇಳಿ ಬೇಸತ್ತ ಅದರ ಕಥೆಯನ್ನು ಚಹಾ ಬರುವುದರೊಳಗೆ ನಿಮಗಾದರೂ ಹೇಳಿಬಿಡುತ್ತೇನೆ.

ನಾನಿರುವುದು ಕರೆಂಟ್ ಕಂಪನಿಯ ಡ್ರಾಯಿಂಗ್ ವಿಭಾಗದಲ್ಲಿ. ಕಂಬ ಎಷ್ಟು ಎತ್ತರ, ಅಡ್ಡಪಟ್ಟಿ ಎಷ್ಟು ಅಗಲ, ಇವನ್ನು ಬರೆಯುತ್ತ ಬರೆಯುತ್ತ ತಲೆಯ ಮೇಲಿನ ಕೂದಲೆಲ್ಲ ಹೋಯಿತು. ನಮ್ಮ ಕಂಪನಿಗೂ ವನ್ಯಜೀವಿಗಳಿಗೂ ಬಹಳ ವರ್ಷ ಇದ್ದ ಸಂಬಂಧವೆಂದರೆ ಹೊಸ ವರ್ಷದ ಕ್ಯಾಲೆಂಡರಿನ ಹುಲಿ. ಜೊತೆಗೆ ವರ್ಷಕ್ಕೊಮ್ಮೆ ಬ್ಯಾನರ್ ಹಿಡಿದು ಸಸಿ ನೆಡುವುದು, ಫೋಟೋ ತೆಗೆಸಿಕೊಳ್ಳುವುದು, ವಡಾಪಾವ್ ತಿಂದು ಮನೆಗೆ ಬರುವುದು. ವಡಾಪಾವ್ ಚೆನ್ನಾಗಿರುತ್ತಿತ್ತು, ಸುಳ್ಳು ಹೇಳಬಾರದು.

ಕೆಲವು ವರ್ಷಗಳ ಹಿಂದೆ ಮೈಸೂರು ಕಡೆಯ ಶ್ರೀಧರ್ ಎನ್ನುವವರು ನಮಗೆ ಮ್ಯಾನೇಜರಾಗಿ ಬಂದರು. ಇಸ್ತ್ರಿ ಮುರಿಯದ ಅಂಗಿ, ಮಾತಿಗೊಂದು ಮೀಟಿಂಗು. “ನೋಡ್ರೀ, ಸಸಿ ನೆಡೋದೆಲ್ಲ ಓಲ್ಡ್ ಆಯ್ತು. ಯಾರ ಜೊತೆಗಾದ್ರೂ ಪಾರ್ಟ್ನರ್‌ಶಿಪ್ ಮಾಡ್ಬೇಕು,” ಎಂದರು. ಪಾರ್ಟ್ನರ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ನನಗೆ ಗೊತ್ತಿದ್ದ ಪಕ್ಷಿಪ್ರಿಯರೆಂದರೆ ಒಬ್ಬರೇ, ಕ್ಯಾಂಪ್ ಬಡಾವಣೆಯಲ್ಲಿರುವ ಮಾಲತಿಬಾಯಿ. ನಮ್ಮ ಧಾರವಾಡದವರೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಸದಾ ಒಂದು ದುರ್ಬೀನು. ನಾಲ್ಕು ಜನ ಗೆಳತಿಯರನ್ನು ಕಟ್ಟಿಕೊಂಡು ಊರಾಚೆಯ ದಿವೇಘಾಟ್ ದಾಟಿ ಹುಲ್ಲುಗಾವಲಿಗೆ ಹೋಗಿ ಇಡೀ ದಿನ ಹಕ್ಕಿ ನೋಡುತ್ತ ಕೂಡುತ್ತಿದ್ದರು.

ಮೊದಲ ಮೀಟಿಂಗಿನಲ್ಲಿ ಶ್ರೀಧರ್ ಅವರು, ಅದೇ ಹುಲ್ಲುಗಾವಲಿನಲ್ಲಿ ಸಾವಿರಾರು ಸಸಿ ನೆಡೋಣ ಎಂದುಬಿಟ್ಟರು. ಹಳೇ ಚಾಳಿ, ಅಷ್ಟು ಬೇಗ ಬಿಡುತ್ತದೆಯೇ? ಮಾಲತಿಬಾಯಿ ಬಿಸ್ಕೀಟನ್ನು ತಟ್ಟೆಗೆ ವಾಪಸಿಟ್ಟರು.

“ಹುಲ್ಲಿನ ಜಾಗಾದಾಗ ಗಿಡಾ ಹಚ್ಚಿದ್ರ ಹುಲ್ಲಿನಾಗಿರೂ ತ್ವಾಳ, ಹಕ್ಕಿ ಎಲ್ಲಿಗೆ ಹೋಗ್ಬೇಕ್ರಿ? ನೀವು ಗಿಡಾ ಹಚ್ಚಬ್ಯಾಡ್ರಿ. ನಿಮ್ಮ ಕಂಬಾ ನೋಡ್ಕೋರಿ ಸಾಕು.”

ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ಅಲ್ಲೊಂದು ಒಂಟಿ ಜಾಲಿಮರದ ಮೇಲೆ ಕಂದು ಹದ್ದುಗಳ ಗೂಡಿದೆ. ಸುತ್ತ ಎಲ್ಲೂ ಎತ್ತರದ ಜಾಗವಿಲ್ಲದ್ದರಿಂದ ಹದ್ದುಗಳು ನಮ್ಮ ಕಂಬಗಳ ಮೇಲೇ ಕೂಡುತ್ತವೆ. ಒಂದೇ ತಂತಿ ತಾಗಿದರೆ ಏನೂ ಆಗುವುದಿಲ್ಲ. ಆದರೆ ಅಷ್ಟಗಲ ರೆಕ್ಕೆ ಬಿಚ್ಚಿದಾಗ ಎರಡು ತಂತಿಗೆ ತಾಗಿದರೆ ಮುಗಿಯಿತು. ಹಿಂದಿನ ವರ್ಷ ಗಂಡು ಹದ್ದು ಹಾಗೇ ಸತ್ತಿತ್ತು. ಕಂಬದ ಬುಡದಲ್ಲಿ ಅದನ್ನು ಎತ್ತಿಕೊಂಡದ್ದು ಮಾಲತಿಬಾಯಿಯೇ.

“ಈ ವರ್ಷ ಆಕಿಗೆ ಮತ್ತೊಬ್ಬ ಸಿಕ್ಕಾನ. ಒಂದ ಮರಿ ಅದ. ಇನ್ನೇನು ಹಾರ್ತದ. ಹಾರಿದ್ದ ಮೊದಲ ಹೋಗಿ ಕೂಡೂದು ನಿಮ್ಮ ಕಂಬದ ಮ್ಯಾಲ. ಅದನ್ನೂ ಎತ್ತಿಗೊಂಡು ಬರೂ ಧೈರ್ಯ ನನಗಿಲ್ಲರಿ,” ಎಂದರು. ಶ್ರೀಧರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತ ಕೂತರು.

ಹೀಗೆ ಪಾರ್ಟ್ನರ್‌ಶಿಪ್ ಆಯಿತು. ಗೂಡಿನ ಸುತ್ತಲಿನ ಕಂಬಗಳ ತಂತಿಗೆ ರಬ್ಬರಿನ ಕವಚ ತೊಡಿಸುವುದು ನಮ್ಮ ಕೆಲಸ. ಯಾವ ಕಂಬ, ಯಾವಾಗ ಎಂದು ಹೇಳುವುದು ಅವರದು. ಜೊತೆಗೆ ಅವರದೇ ಒಂದು ಬೇಡಿಕೆ: ಹದ್ದು ನಿಶ್ಚಿಂತೆಯಿಂದ ಕೂಡಲು ತಂತಿಯೇ ಇಲ್ಲದ ಒಂದು ಕಂಬ. ಇದನ್ನು ಕೇಳಿ ನಮ್ಮ ಆಫೀಸು ಒಂದು ವಾರ ನಕ್ಕಿತು. ತಂತಿಯಿಲ್ಲದ ಕಂಬವನ್ನು ಯಾವ ಗ್ರಾಹಕನ ಹೆಸರಿಗೆ ಮಂಜೂರು ಮಾಡುವುದು? ಕೊನೆಗೆ ನಾನೇ ಅರ್ಜಿಯಲ್ಲಿ “ಸ್ಥಳೀಯ ನಿವಾಸಿ” ಎಂದು ಬರೆದೆ. ಮಂಜೂರಾಯಿತು.

ಪುಣೆಯಲ್ಲಿ ಗುರುವಾರ ಕರೆಂಟ್ ಹೋಗುವುದು ನಿಮಗೂ ಗೊತ್ತಲ್ಲ, ರಿಪೇರಿಯ ದಿನ. ಬುಧವಾರ ರಾತ್ರಿಯೇ ಇಡ್ಲಿಗೆ ರುಬ್ಬಿಡದ ಗೃಹಿಣಿಗೆ ಗುರುವಾರ ನಮ್ಮ ಕಂಪನಿಯ ಮೇಲೆ ಎಷ್ಟು ಪ್ರೀತಿ ಉಕ್ಕುತ್ತದೆ ಎಂಬುದನ್ನು ನಾನು ಮನೆಯಲ್ಲೇ ಅನುಭವಿಸುತ್ತೇನೆ. ಅಂಥದೇ ಒಂದು ಗುರುವಾರ ಆ ಹುಲ್ಲುಗಾವಲಿನ ಲೈನ್ ಬಂದ್ ಮಾಡಿಸಿ ನಾವೆಲ್ಲ ಹೋದೆವು. ಲೈನ್ ಮೇಲೆ ಕೆಲಸ ಮಾಡುವ ಮುಂಚೆ ಸಬ್‌ಸ್ಟೇಷನ್ನಿನಿಂದ ಒಬ್ಬರು ತಮ್ಮ ಹೆಸರಿಗೆ ಪರ್ಮಿಟ್ ತೆಗೆದುಕೊಳ್ಳಬೇಕು. ಕೆಂಪು ಬಣ್ಣದ ಒಂದು ಕಾರ್ಡು ಅದು. ಎಲ್ಲರೂ ಕಂಬ ಇಳಿದ ಮೇಲೆ ಅವರೇ ಅದನ್ನು ವಾಪಸು ಕೊಡಬೇಕು, ಆಮೇಲಷ್ಟೇ ಸ್ವಿಚ್ಚು. ಅದಕ್ಕೆ ಮುಂಚೆ ಸ್ವಿಚ್ಚಿಗೆ ಯಾರೂ ಕೈ ಹಚ್ಚುವಂತಿಲ್ಲ, ಮಂತ್ರಿಯ ಫೋನ್ ಬಂದರೂ ಅಷ್ಟೇ. ಆವತ್ತು ಫೋಟೋದಲ್ಲಿ ಚಂದ ಕಾಣುತ್ತದೆಂದು ಶ್ರೀಧರ್ ತಾವೇ ಪರ್ಮಿಟ್ ತೆಗೆದುಕೊಂಡು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು.

ತಂತಿಯಿಲ್ಲದ ಕಂಬವನ್ನು ಚಿಕ್ಕೋಡಿ ಕಡೆಯ ನಮ್ಮ ಮೇಸ್ತ್ರಿ ಈರಣ್ಣ ವಾರದ ಹಿಂದೆಯೇ ನಿಲ್ಲಿಸಿದ್ದ. ದೂರದಿಂದ ಅದನ್ನು ನೋಡಿ ನನಗೆ ಹೆಮ್ಮೆ. ಮಾಲತಿಬಾಯಿ ದುರ್ಬೀನು ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

“ಇದೇನ್ರಿ ಈರಣ್ಣ, ಕುರ್ಚಿ ಕೊಟ್ಟು ಅದರ ಮ್ಯಾಲ ಮೊಳಿ ಬಡದೀರಲ್ಲ!”

ಕಂಬದ ತುದಿಯಲ್ಲಿ ಸಾಲು ಮುಳ್ಳು! ಹಕ್ಕಿ ಕೂಡಬಾರದೆಂದು ನಮ್ಮ ಕಂಬಗಳಿಗೆಲ್ಲ ಹಾಕುವ ಮುಳ್ಳು. ಈರಣ್ಣ ಹಕ್ಕಿ ಕೂಡಲೆಂದೇ ನಿಲ್ಲಿಸಿದ ಕಂಬಕ್ಕೂ ಅದನ್ನು ಭದ್ರವಾಗಿ ಬಿಗಿದಿದ್ದ.

“ಬಾಯಾರ, ಡ್ರಾಯಿಂಗ್‌ನಾಗ ಹಂಗ ಅದರಿ. ಕಂಬ ಅಂದ ಮ್ಯಾಲ ಮುಳ್ಳು ಇರಬೇಕರಿ,” ಎಂದು ಅವನು ನನ್ನ ಕಡೆ ಬೆರಳು ತೋರಿಸಿದ. ಎಲ್ಲರೂ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಈರಣ್ಣ ಗೊಣಗುತ್ತ ಹತ್ತಿ ಮುಳ್ಳು ಕಿತ್ತು ಕೆಳಗೆ ಎಸೆದ. ಅದೇ ಈಗ ನಮ್ಮ ಬಸಳೆಗೆ ಆಸರೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕವಚದ ಕೆಲಸ ಮುಗಿಯುತ್ತ ಬಂದಿತ್ತು. ಕೊನೆಯ ಒಂದು ಕಂಬ ಮಾತ್ರ ಬಾಕಿ. ಅಷ್ಟರಲ್ಲಿ ಜಾಲಿಮರದಲ್ಲಿ ಗದ್ದಲ. ಮರಿ ಗೂಡಿನ ಅಂಚಿಗೆ ಬಂತು, ಮುಗ್ಗರಿಸಿತು, ರೆಕ್ಕೆ ಬಡಿಯಿತು, ಹಾರಿಯೇಬಿಟ್ಟಿತು! ಹಾರಿದ್ದೆಂದರೆ ಏನು, ಸೈಕಲ್ ಕಲಿಯುವವರ ಹಾಗೆ ಅತ್ತಿತ್ತ ಓಲಾಡುತ್ತ ಬಂದು ಕೂತದ್ದು ಆ ಬಾಕಿ ಉಳಿದ ಕಂಬದ ಮೇಲೇ. ಎರಡು ಬರಿಯ ತಂತಿಗಳ ನಡುವೆ.

ಈರಣ್ಣ ಹತ್ತಿ ಓಡಿಸುತ್ತೇನೆಂದ. ಮಾಲತಿಬಾಯಿ ಅವನ ತೋಳು ಹಿಡಿದರು. “ಬ್ಯಾಡೋ, ಅದಕ್ಕಿನ್ನೂ ಸರಿಯಾಗಿ ಹಾರಲಿಕ್ಕೆ ಬರೂದಿಲ್ಲ. ಹೆದರಿ ಬಿದ್ದರ ನಾಯಿ ಬಿಡೂದಿಲ್ಲ.” ಅದೇ ಹೊತ್ತಿಗೆ ಸಬ್‌ಸ್ಟೇಷನ್ನಿನಿಂದ ಫೋನು: ಹೊತ್ತಾಯಿತು, ಪರ್ಮಿಟ್ ವಾಪಸು ಕೊಡಿ. ಅದರ ಹಿಂದೆಯೇ ಒಬ್ಬ ರೈತ ಬೈಕಿನಲ್ಲಿ ಧೂಳೆಬ್ಬಿಸುತ್ತ ಬಂದ. “ಅಹೋ ಸಾಹೇಬ್, ಲೈಟ್ ಕಧೀ ಯೇಣಾರ?” ಕರೆಂಟ್ ಯಾವಾಗ ಬರುತ್ತದೆ ಎಂದು ಅವನ ಪ್ರಶ್ನೆ. ಅವನ ಈರುಳ್ಳಿಗೆ ನೀರು ಬಿಡಬೇಕು, ಪಂಪಿಗೆ ಕರೆಂಟ್ ಬೇಕು. ಅವನದೂ ತಪ್ಪಲ್ಲ. ಮಾಲತಿಬಾಯಿ ಶ್ರೀಧರ್ ಅವರ ಜೇಬಿನ ಕೆಂಪು ಕಾರ್ಡನ್ನೇ ನೋಡುತ್ತಿದ್ದರು. ಈ ಮನುಷ್ಯ ಕಾರ್ಡು ಕೊಟ್ಟೇಬಿಡುತ್ತಾನೆ ಎಂದೇ ನಾನು ಎಣಿಸಿದ್ದೆ.

ಶ್ರೀಧರ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

“ಇಲ್ಲ ಕಣ್ರೀ, ಪರ್ಮಿಟ್ ಕೊಡಕ್ಕಾಗಲ್ಲ. ಲೈನ್ ಮೇಲೆ ನಮ್ಮೋರು ಇನ್ನೂ ಒಬ್ರು ಇದಾರೆ.”

ಅಷ್ಟೇ. ನಮ್ಮ ಕೆಲಸದಲ್ಲಿ ಆ ಮಾತಿನ ಮೇಲೆ ಮಾತಿಲ್ಲ. ಆ ಕಡೆಯವರು ಫೋನ್ ಇಟ್ಟರು. ಈರಣ್ಣ ತಲೆಯ ಹೆಲ್ಮೆಟ್ ತೆಗೆದು ಸಾಹೇಬರನ್ನು ಹೊಸಬರನ್ನು ನೋಡಿದಂತೆ ನೋಡಿದ. ಶ್ರೀಧರ್ ತಮ್ಮ ಹರಕುಮುರುಕು ಮರಾಠಿಯಲ್ಲಿ ರೈತನಿಗೆ ಕಂಬ ತೋರಿಸಿದರು. ಅವನು ಬಹಳ ಹೊತ್ತು ಕತ್ತೆತ್ತಿ ನೋಡಿ, ಬೈಕ್ ಬಂದ್ ಮಾಡಿ, ಇವು ನಮ್ಮ ಹೊಲದ ಇಲಿ ಹಿಡಿಯುವ ಹದ್ದುಗಳಲ್ಲವೇ ಎಂದು ನಮ್ಮ ಪಕ್ಕದಲ್ಲೇ ಕೂತ. ಮಾಲತಿಬಾಯಿ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಎಲ್ಲರಿಗೂ ಹಂಚಿದರು.

ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಹದ್ದು ಬಂತು. ಕಾಲುಗುರಲ್ಲಿ ಇಲಿ. ಮರಿಯ ಮೇಲೆ ಒಂದು ಸುತ್ತು ಹಾಕಿ ನೇರವಾಗಿ ಹೋಗಿ ಕೂತದ್ದು ನಮ್ಮ ಬೋಳು ಕಂಬದ ಮೇಲೆ. ಮುಳ್ಳು ಕಿತ್ತ ಜಾಗದಲ್ಲೇ! ಹಸಿದ ಮರಿ ಕೂಗಿತು, ಕಾಲು ಬದಲಿಸಿತು, ಕೊನೆಗೆ ಆ ಕಂಬ ಬಿಟ್ಟು ಹಾರಿ ತಾಯಿಯ ಪಕ್ಕ ಧೊಪ್ಪನೆ ಕೂತಿತು. ರೈತ ಚಪ್ಪಾಳೆ ತಟ್ಟಿದ. ಮಾಲತಿಬಾಯಿ ದುರ್ಬೀನಿನ ಹಿಂದೆ ಅಳುತ್ತಿದ್ದರು. ಈರಣ್ಣ ಯಾರೂ ಹೇಳದೆ ಕೊನೆಯ ಕಂಬ ಹತ್ತಿ ಕವಚ ತೊಡಿಸಿ ಇಳಿದ. ಆಮೇಲೆ ಶ್ರೀಧರ್ ಪರ್ಮಿಟ್ ವಾಪಸು ಕೊಟ್ಟರು. ಈ ಗಡಿಬಿಡಿಯಲ್ಲಿ ಫೋಟೋ ತೆಗೆಯುವುದು ಮರೆತೇಹೋಗಿತ್ತು.

ಆ ಪಾರ್ಟ್ನರ್‌ಶಿಪ್ ಈಗಲೂ ನಡೆದಿದೆ. ಗೂಡು ಕಟ್ಟುವ ಕಾಲಕ್ಕೆ ಮುಂಚೆಯೇ ಮಾಲತಿಬಾಯಿಯ ಫೋನ್ ಬರುತ್ತದೆ, ಒಂದು ಗುರುವಾರ ನಿಗದಿಯಾಗುತ್ತದೆ, ರೈತರಿಗೆ ಮೊದಲೇ ತಿಳಿಸಿ ಬೇರೊಂದು ದಿನ ಹೆಚ್ಚಿಗೆ ಕರೆಂಟ್ ಕೊಡುತ್ತೇವೆ. ತಂತಿಯಿಲ್ಲದ ಕಂಬಕ್ಕೆ ನಾನೇ ಹೊಸ ಡ್ರಾಯಿಂಗ್ ಬರೆದಿದ್ದೇನೆ. ಅದರಲ್ಲಿ “ಮುಳ್ಳು ಹಾಕಬಾರದು” ಎಂದು ಈರಣ್ಣನಿಗೆಂದೇ ದಪ್ಪಕ್ಷರದಲ್ಲಿದೆ.

ಚಹಾ ಇನ್ನೂ ಬಂದಿಲ್ಲ ನೋಡಿ. ಎದ್ದು ಬಾಲ್ಕನಿಗೆ ಹೋದರೆ ಹೆಂಡತಿ ಕುಂಡದ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಬಸಳೆ ಎಲೆಗಳ ಮರೆಯಲ್ಲಿ, ಹಕ್ಕಿ ಕೂಡದಿರಲೆಂದೇ ಮಾಡಿದ ಆ ಮುಳ್ಳುಗಳ ನಡುವೆ, ನಾರು ನೇಯ್ದ ಪುಟ್ಟ ಬಟ್ಟಲಿನಂಥ ಗೂಡು. ಅದರಲ್ಲಿ ಒಂದು ಬುಲ್‌ಬುಲ್ ಕಾವು ಕೂತು ನಮ್ಮಿಬ್ಬರನ್ನೂ ದುರುಗುಟ್ಟುತ್ತಿದೆ. ಕೆಳಗೆ ಭಂಗಾರವಾಲಾ ಇನ್ನೊಮ್ಮೆ ಕೂಗಿದ. ಹೆಂಡತಿ ಅವನಿಗೆ ಕೈಯಾಡಿಸಿ ಮುಂದೆ ಹೋಗೆಂದಳು.

“ಯಾಕ, ಕೊಡೂದಿಲ್ಲೇನು?” ಎಂದು ಕೇಳಿದೆ.

“ಹೆಂಗ ಕೊಡ್ಲಿರಿ,” ಎಂದಳು ಪಿಸುದನಿಯಲ್ಲಿ, “ಲೈನ್ ಮ್ಯಾಲ ನಮ್ಮಾಕಿ ಇನ್ನೂ ಒಬ್ಬಾಕಿ ಅದಾಳ.”