ಅಪ್ಪ ತಗೋ ಎಂದ ಟ್ರಾನ್ಸಿಸ್ಟರ್

ನಾನು ಚಿಕ್ಕವನಿದ್ದಾಗ ನಮ್ಮೂರು ಕೋಲಸಿರ್ಸಿಯಲ್ಲಿ ರೇಡಿಯೋಗೆ ಯಾರೂ ರೇಡಿಯೋ ಅನ್ನುತ್ತಿರಲಿಲ್ಲ, ಟ್ರಾನ್ಸಿಸ್ಟರ್ ಅನ್ನುತ್ತಿದ್ದರು. ಆ ಒಂದು ಶಬ್ದದಿಂದ ನಿಮ್ಮ ಅಜ್ಜಿಗೆ, ಅಂದರೆ ನನ್ನ ಅಕ್ಕನಿಗೆ, ಆದ ಅನ್ಯಾಯ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಾನು ಅಕ್ಕನಿಗಿಂತ ಬಹಳ ಚಿಕ್ಕವನು, ತಲೆ ಇನ್ನೂ ಪೂರ್ತಿ ನರೆತಿಲ್ಲ. ಆದರೂ ನೀವು ಅಜ್ಜ ಅನ್ನುತ್ತೀರಿ. ಇರಲಿ.

ಅಕ್ಕ ಪಿಯುಸಿ ಮುಗಿಸಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತೇನೆಂದು ಹಟ ಹಿಡಿದಿದ್ದಳು. ಆಗಲೇ ಪಕ್ಕದ ಮನೆಯ ಎಮ್ಮೆ ಬೇಲಿಯ ಸಂದಿಯಿಂದ ನುಗ್ಗಿ ನಮ್ಮ ಗದ್ದೆಯ ಪೈರು ಮೇಯುತ್ತಿತ್ತು. ಕೇಳಿದರೆ ಅವರು, "ನಮ್ಮನೆ ಎಮ್ಮೆ ಕೊಟ್ಟಿಗೆ ಬಿಟ್ಟು ಹೋಗ್ತೇ ಇಲ್ಲೆ" ಎಂದು ನಮ್ಮ ಮೇಲೇ ಹಾರಾಡುತ್ತಿದ್ದರು. ಆ ಸಿಟ್ಟನ್ನೆಲ್ಲ ಅಪ್ಪ ಅಕ್ಕನ ಮೇಲೆ ತೀರಿಸಿಕೊಂಡ.

"ಅಷ್ಟು ಶಾಣ್ಯಾ ಆದ್ರೆ ಆ ಎಮ್ಮೆ ಹಿಡ್ದು ಕೊಡು. ಡಿಪ್ಲೊಮಾಕ್ಕೆ ಕಳಸ್ತೆ."

"ಹಂಗಾರೆ ಒಂದು ಟ್ರಾನ್ಸಿಸ್ಟರ್ ಬೇಕು," ಎಂದಳು ಅಕ್ಕ.

"ಮನೇಲಿ ಇದ್ದಲೇ. ಅದನ್ನೇ ತಗ."

ಅಕ್ಕ ತಗೊಂಡಳು. ರೇಡಿಯೋದ ಸ್ಕ್ರೂ ಬಿಚ್ಚಿ, ಬೆಸುಗೆ ಕರಗಿಸಿ, ಒಳಗಿದ್ದ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರನ್ನು ಎಬ್ಬಿಸಿದಳು. ಜಗಲಿಯ ತುಂಬ ರಾಳ ಸುಟ್ಟ ವಾಸನೆ. ಅದರ ಬೇಸ್ ಎಂಬ ಕಾಲಿಗೆ ಚೂರೇ ಚೂರು ಕರೆಂಟು ಹೋದರೂ ಸಾಕು, ಕಲೆಕ್ಟರ್ ಎಂಬ ಕಾಲಿನಿಂದ ಎಮಿಟರ್ ಎಂಬ ಕಾಲಿಗೆ ಹತ್ತಾರು ಪಟ್ಟು ಹರಿಯುತ್ತದೆ. ಹೋಗದಿದ್ದರೆ ಪೂರ್ತಿ ಬಂದ್. ಕೆರೆಯ ತೂಬನ್ನು ಒಂದೇ ಕೈಯಲ್ಲಿ ಎತ್ತಿದರೂ ನೀರು ನುಗ್ಗುವುದಿಲ್ಲವೇ, ಹಾಗೆ.

ಅಕ್ಕ ಕೂದಲೆಳೆಯಂಥ ತಂತಿಯನ್ನು ಬೇಲಿಯ ಸಂದಿಗೆ ಅಡ್ಡ ಕಟ್ಟಿದಳು. ತಂತಿ ಇರುವ ತನಕ ಬೇಸ್‌ಗೆ ಹೋಗಬೇಕಾದ ಕರೆಂಟು ತಂತಿಯಲ್ಲೇ ಹರಿದುಹೋಗುತ್ತದೆ. ತಂತಿ ತುಂಡಾದರೆ ಬೇಸ್‌ಗೆ ಹೋಗುತ್ತದೆ, ಟ್ರಾನ್ಸಿಸ್ಟರ್ ದಾರಿ ಬಿಡುತ್ತದೆ, ಜಗಲಿಯ ಬ್ಯಾಟರಿ ಗಂಟೆ ಹೊಡೆದುಕೊಳ್ಳುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಟೆ ಕಿರುಚಿತು. ಅಪ್ಪ ಎಂಜಲು ಕೈಯಲ್ಲೇ ಓಡಿದ. ನೋಡಿದರೆ ಪಕ್ಕದ ಮನೆಯ ಯಜಮಾನನೇ ಕೋಲು ಹಿಡಿದು ಎಮ್ಮೆಯನ್ನು ನಮ್ಮ ಗದ್ದೆಗೆ ಹೊಡೆಯುತ್ತಿದ್ದ! ಥೂ, ಎಂಥ ಜನ! ಅಪ್ಪ ಅವನ ಮರ್ಯಾದೆ ತೆಗೆದು ಮೀಸೆ ತಿರುವುತ್ತ ಬಂದ. ಅಕ್ಕ ಅಷ್ಟರಲ್ಲಿ ಡಿಪ್ಲೊಮಾಕ್ಕೆ ಹೊರಡಲು ಬಟ್ಟೆ ಮಡಚಿಡಲು ಶುರುಮಾಡಿದ್ದಳು.

ಸಂಜೆ ವಾರ್ತೆ ಕೇಳಲು ಅಪ್ಪ ರೇಡಿಯೋ ತಿರುಗಿಸಿದ. ಉಸಿರಿಲ್ಲ.

"ಎನ್ನ ಟ್ರಾನ್ಸಿಸ್ಟರ್ ನೀ ಹಾಳು ಮಾಡಿಟ್ಟಿದ್ದೆ!"

"ತಗ ಹೇಳಿ ನೀನೇ ಹೇಳಿದ್ದೆ ಅಲ್ದ ಅಪ್ಪಯ್ಯ?"

"ಎದುರು ಮಾತು ಬೇರೆ! ನಿಂಗೆ ಡಿಪ್ಲೊಮಾ ಒಂದು ಕೇಡು!"

ಅಲ್ಲಿಗೆ ಮುಗಿಯಿತು. ಕಳಿಸುವ ಮನಸ್ಸೇ ಇರದವನಿಗೆ ಒಂದು ನೆಪ ಸಿಕ್ಕಿತ್ತು. ಮಡಚಿದ ಬಟ್ಟೆ ಮದುವೆಯಾದ ಮೇಲೆ ಗಂಡನ ಮನೆಗೆ ಹೋಯಿತು.

ನಿಮ್ಮ ಫೋನಿನೊಳಗೆ ಆ ಟ್ರಾನ್ಸಿಸ್ಟರಿನ ದಾಯಾದಿಗಳು ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಕೋಟಿಗಟ್ಟಲೆ ಕೂತಿವೆ. ಈಗ ಬೇಲಿ ಕಾಯಲು ಕ್ಯಾಮೆರಾ ಬಂದಿದೆ. ನಿಮಗೆ ಯಾರೂ ಓದಬೇಡಿ ಅನ್ನುವುದಿಲ್ಲ. ಸಂತೋಷ. ಆದರೆ ನಿನ್ನೆ ಅಜ್ಜಿ ಫೋನು ಮುಟ್ಟಿದ್ದಕ್ಕೆ "ನಿಂಗೆ ಎಂತದೂ ಗೊತ್ತಾಗ್ತಿಲ್ಲೆ" ಎಂದು ಕಿತ್ತುಕೊಂಡಿರಲ್ಲ, ಅವಳು ಎದ್ದು ಒಳಗೆ ಹೋದಳು. ನಾನು ಸುಮ್ಮನಿರುವವನಲ್ಲ. ನಡೆಯಿರಿ, ಆ ಫೋನನ್ನು ಅವಳ ಕೈಗೇ ಕೊಟ್ಟು ಬನ್ನಿ.