ಯಾರದೋ ಮುಖದ ಕಲ್ಲು

ಎನಾಮಲ್ ಬಣ್ಣದ ವಾಸನೆ ಬಡಿದರೆ ನನಗೆ ಮೊದಲು ತಲೆನೋವು ಬರುತ್ತದೆ, ಆಮೇಲೆ ಸಿಟ್ಟು. ಮೊನ್ನೆ ಎರಡೂ ಒಟ್ಟಿಗೇ ಬಂದವು. ತಮಿಳುನಾಡಿಗೆ ಸೇರಿದ ಹೊಸೂರು ಸೀಮೆಯಲ್ಲಿ, ಬೇರಿಕೆ ಹತ್ತಿರದ ತವರೂರಿಗೆ ಹೋಗಿದ್ದೆ. ಊರ ಹುಡುಗರು ಕೆರೆ ಏರಿಯ ಮೇಲಿರುವ ವೀರಗಲ್ಲಿಗೆ ಬಣ್ಣ ಬಳಿಯುತ್ತಿದ್ದರು. ಕಳ್ಳರ ಕೈಯಿಂದ ಊರ ದನ ಬಿಡಿಸಲು ಹೋಗಿ ಸತ್ತ ಯಾವ ಕಾಲದವನದೋ ಕಲ್ಲು ಅದು. ಮಳೆ ಬಿಸಿಲಿಗೆ ಕಣ್ಣು ಮೂಗು ಸವೆದು ನೆಮ್ಮದಿಯಾಗಿದ್ದವನಿಗೆ ಇವರು ಕೆಂಪು ತುಟಿ, ಕರಿ ಮೀಸೆ ಬರೆದು ನಾಟಕದ ರಾಜಪಾರ್ಟು ಮಾಡಿಟ್ಟಿದ್ದರು.

"ಹೆಂಗೈತೆ ಟೀಚರಮ್ಮ?" ಎಂದ ಒಬ್ಬ.

ಹೊಸೂರಿನ ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಬೈಯುತ್ತಲೇ ಪಿಂಚಣಿಗೆ ಬಂದವಳು ನಾನು. ಆದರೂ ಅವತ್ತು ಬಾಯಿ ಏಳಲಿಲ್ಲ. ಆ ಕಲ್ಲಿನ ಪಕ್ಕದಲ್ಲಿ ಇನ್ನೊಂದು ನಿಲ್ಲಬೇಕಾಗಿತ್ತು, ನನ್ನಣ್ಣನದು. ಅದು ಯಾಕೆ ನಿಲ್ಲಲಿಲ್ಲ ಎಂಬುದನ್ನು ಇವತ್ತು ನಿಮಗೆ ಹೇಳಿಬಿಡುತ್ತೇನೆ. ನಡುವೆ ನನ್ನ ದನಿ ಏರಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ನಿಮ್ಮ ಮೇಲಲ್ಲ.

ಅಣ್ಣನ ಹೆಸರು ತಿಮ್ಮರಾಯ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮೀಸೆ ಮೂಡುವ ಮೊದಲೇ ಅವನು ಮನೆಯ ಗಂಡಸಾದ. ರಾಗಿ ತೆನೆ ಕಟ್ಟುವ ಹೊತ್ತಿಗೆ ಸಾನಮಾವು ಕಾಡಿನ ಆನೆಗಳು ನೆಂಟರ ಹಾಗೆ ಬಂದುಬಿಡುತ್ತಿದ್ದವು. ಅಟ್ಟಣೆಯ ಮೇಲೆ ಕೂತು ತಗಡು ಬಡಿದು ಅವನ್ನು ಓಡಿಸುವುದು ಅಣ್ಣನ ಪಾಲಿನ ಕೆಲಸ. ಆನೆಗಳನ್ನು ಅವನು ತೆಲುಗಿನಲ್ಲೇ ಬೈಯುತ್ತಿದ್ದ. ಯಾಕೆಂದು ಕೇಳಿದ್ದೆ.

"ಕನ್ನಡದಾಗೆ ಬೈದ್ರೆ ನಮ್ಮೋನೇ ಅಂತ ಸದರ ತಗೊಂತವೆ ಕಣೇ. ತಮಿಳು ಆಫೀಸ್ನೋರ ಮಾತು, ಅದ್ಕೆ ಆನೆ ಹೆದ್ರಾಕಿಲ್ಲ, ನಾನೇ ಹೆದ್ರತೀನಿ."

ಆಗ ಯುದ್ಧದ ಕಾಲ. ಯಾರಿಗೂ ಯಾರಿಗೂ ಯುದ್ಧ ಎಂದು ನಮ್ಮೂರಿನಲ್ಲಿ ತಿಳಿದವರಿರಲಿಲ್ಲ. ಸೀಮೆಎಣ್ಣೆ ಸಿಗದೆ ಹೋದಾಗ ಎಲ್ಲೋ ಯುದ್ಧ ನಡೆದಿದೆ ಎನ್ನುವುದು ಗೊತ್ತಾಗಿತ್ತು, ಅಷ್ಟೆ. ದಂಡಿಗೆ ಆಳು ಕಳಿಸಿ ಎಂದು ಊರ ಗೌಡರಿಗೆ ಮೇಲಿನಿಂದ ಮಾತು ಬಂತು. ಗೌಡರ ಮಗ ಕೃಷ್ಣಪ್ಪ ನನ್ನಣ್ಣನ ಓರಗೆಯವನು, ಎತ್ತರದಲ್ಲೂ ಸಮ. ಪಾಪ, ಅವನಿಗೆ ಅದೇ ವಾರ ಕೆಮ್ಮು ಹತ್ತಿಕೊಂಡಿತು. ಯುದ್ಧ ಮುಗಿಯುವವರೆಗೂ ಅದು ಬಿಡಲೇ ಇಲ್ಲ. ಮಗನ ಕೆಮ್ಮಿಗೆ ಕಷಾಯ ಕಾಯಿಸಿಟ್ಟು ಗೌಡರು ನೇರವಾಗಿ ನಮ್ಮ ಬಾಗಿಲಿಗೆ ಬಂದರು.

"ಕಳ್ಸಿಕೊಡಮ್ಮ ನಂಜಮ್ಮ. ಮೂರು ಹೊತ್ತೂ ಅನ್ನ ಹಾಕ್ತಾರೆ, ಬೂಟ್ಸು ಕೊಡ್ತಾರೆ. ವರ್ಷದಾಗೆ ಬಂದ್ಬುಡ್ತಾನೆ. ನಾನಿಲ್ವಾ?"

ಕೆರೆ ಕೆಳಗಿದ್ದ ನಮ್ಮ ಗದ್ದೆಯ ತುಂಡಿಗೆ ನೀರು ಬರಬೇಕಾದರೆ ಗೌಡರ ಆಳು ತೂಬು ತೆಗೆಯಬೇಕು. ಅಂಥವರು ಹೊಸಿಲಲ್ಲಿ ನಿಂತು ಕೇಳಿದರೆ ಇಲ್ಲ ಎನ್ನುವ ಬಾಯಿ ಅವ್ವನಿಗೆ ಎಲ್ಲಿಂದ ಬರಬೇಕು? ಅಣ್ಣ ಹೋದ. ಹೋಗುವಾಗ ನನ್ನ ತಲೆಗೆ ಮೊಟಕಿ, "ಅಳ್ಬ್ಯಾಡ ಕಣೇ, ಬತ್ತೀನಿ" ಎಂದ. ಗೌಡರಿಗೆ ಕಚೇರಿಯಲ್ಲಿ ಶಾಲು ಹೊದಿಸಿದರಂತೆ.

ಬರ್ಮಾದಲ್ಲಿ ಗುಂಡು ತಗುಲಿ ಸತ್ತನೆಂದು ಸುದ್ದಿ ಬಂತು. ಹೆಣ ಬರಲಿಲ್ಲ. ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಸತ್ತವರ ಬಾಯಿ ತಣ್ಣಗಾಗುವುದು ಆಗಲೇ ಎಂಬ ನಂಬಿಕೆ. ಅವ್ವ ಗೋಡೆಗೆ ಒರಗಿ ಕೂತು ಬಂದಬಂದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಎಲ್ಲಿ ಬುಡ್ಲಿ? ಯಾವ ಮಣ್ಣಿಗೆ ಬುಡ್ಲಿ?"

ಆಗ ಗೌಡರು, ತಿಮ್ಮರಾಯನಿಗೆ ಏರಿಯ ಮೇಲೆ ವೀರಗಲ್ಲು ನಿಲ್ಲಿಸುತ್ತೇನೆ, ತಹಶೀಲ್ದಾರರನ್ನೂ ಕರೆಸುತ್ತೇನೆ ಎಂದರು. ವೀರಗಲ್ಲಿಗೆ ಮೊದಲು ಹಾಲೆರೆಯಬೇಕಾದವರು ಸತ್ತವನ ಮನೆಯವರು; ಅವರು ಎರೆಯದಿದ್ದರೆ ಅದು ಬರೀ ಕಲ್ಲು. ಮಗನ ಬಾಯಿಗೆ ಹಾಲುತುಪ್ಪ ಬಿಡಲು ಕೊನೆಗೂ ಒಂದು ಜಾಗವಾಯಿತೆಂದು ಅವ್ವ ಅವತ್ತು ಹೊಟ್ಟೆತುಂಬ ಮುದ್ದೆ ಉಂಡಳು. ನಾನಂತೂ ದೇವರ ತಂಗಿಯಾಗಲಿದ್ದವಳು, ಗೆಳತಿಯರನ್ನು ಪಕ್ಕಕ್ಕೆ ಕೂರಿಸಿಕೊಳ್ಳುವುದನ್ನೂ ಬಿಟ್ಟೆ.

ಕಲ್ಲು ಕೆತ್ತಲು ಡೆಂಕಣಿಕೋಟೆ ಕಡೆಯಿಂದ ಒಬ್ಬ ಆಚಾರಿ ಬಂದ. ಅವನು ಅಣ್ಣನನ್ನು ಕಂಡವನಲ್ಲ. ಫೋಟೋ ಎನ್ನುವುದು ಆಗ ಊರಲ್ಲಿ ಗೌಡರ ಮನೆಯ ಗೋಡೆಗೆ ಮಾತ್ರ ಇತ್ತು. ಎದುರಿಗೆ ಒಬ್ಬ ಆಳು ನಿಂತರೆ ಅನುಕೂಲ ಎಂದನಂತೆ ಆಚಾರಿ. ಗೌಡರು ತಮ್ಮ ಕೃಷ್ಣಪ್ಪನ ಕೈಗೆ ದೊಣ್ಣೆ ಕೊಟ್ಟು, ಬಂದೂಕು ಎಂದುಕೋ ಎಂದು ಹಿತ್ತಲಲ್ಲಿ ನಿಲ್ಲಿಸಿದರು. ಇದು ನಮಗೆ ಗೊತ್ತಿರಲಿಲ್ಲ.

ಕಲ್ಲು ನಿಲ್ಲಿಸುವ ದಿನ ಬೆಳಗ್ಗೆ ಊರೆಲ್ಲ ಏರಿಯ ಮೇಲೆ ಸೇರಿತ್ತು. ತಹಶೀಲ್ದಾರರು ಕುರ್ಚಿಯಲ್ಲಿ ಕೂತಿದ್ದರು. ಅವ್ವ ಹಾಲಿನ ಚೆಂಬು ಹಿಡಿದು ಹೋದಳು, ಸೆರಗು ಹಿಡಿದು ನಾನು. ಕಲ್ಲಿಗೆ ಸುತ್ತಿದ್ದ ಬಟ್ಟೆ ತೆಗೆದರು. ಆಚಾರಿಯ ಕೈ ಒಳ್ಳೆಯ ಕೈ. ಬೂಟ್ಸು, ಟೋಪಿ, ಬಂದೂಕು ಎಲ್ಲ ಇತ್ತು. ಉಬ್ಬಿದ ಕೆನ್ನೆ, ದಪ್ಪ ತುಟಿ, ಎಡಹುಬ್ಬಿನ ಮೇಲಿನ ಗಾಯದ ಗುರುತು, ಒಂದನ್ನೂ ಅವನು ಬಿಟ್ಟಿರಲಿಲ್ಲ. ಜನ ಕಲ್ಲನ್ನು ನೋಡಿದರು, ಗೌಡರ ಪಕ್ಕದಲ್ಲಿ ನಿಂತಿದ್ದ ಕೃಷ್ಣಪ್ಪನನ್ನು ನೋಡಿದರು, ಆಮೇಲೆ ನೆಲ ನೋಡಿದರು.

ಅವ್ವ ಚೆಂಬು ಎತ್ತಿದವಳು ಹಾಗೇ ನಿಂತಳು.

"ಗೌಡ್ರೇ, ಇದು ನಿಮ್ ಮಗ. ಸತ್ತೋನು ನನ್ ಮಗ."

ಗೌಡರು ಏನೋ ಹೇಳಲು ಹೋದರು. ಅಷ್ಟರಲ್ಲಿ ಗೌಡರ ಹೆಂಡತಿ ಹೆಂಗಸರ ಗುಂಪಿನಿಂದ ಬಂದು ಅವ್ವನ ಕೈಯ ಚೆಂಬನ್ನು ಅಮುಕಿ ಹಿಡಿದಳು. ಬದುಕಿರುವವನ ಮುಖದ ಕಲ್ಲಿಗೆ ಹಾಲು ಬಿದ್ದರೆ ಅದು ಸಾವನ್ನು ಕರೆದಂತೆ. ಆಕೆ ಚೆಂಬು ಬಿಡದೆ ಅಂಗಲಾಚಿದಳು: "ಎರೀಬ್ಯಾಡ ನಂಜಮ್ಮ, ನಿನ್ ಕಾಲಿಗೆ ಬೀಳ್ತೀನಿ. ಆಚಾರಿ, ಮೊದ್ಲು ಆ ಮೊಗ ತೆಗ್ದಾಕು."

ಕಲ್ಲಿನ ಮೇಲೆ ಬರೀ ಮುಖ ಬಂದದ್ದಕ್ಕೇ ಆಕೆಯ ಜೀವ ಬಾಯಿಗೆ ಬಂದಿತ್ತು. ನನ್ನವ್ವನ ಮಗನನ್ನು ಕಳಿಸುವಾಗ ಈ ಭಯ ಆ ಮನೆಯಲ್ಲಿ ಎಲ್ಲಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ. ಆಚಾರಿ ಉಳಿಯಿಟ್ಟು ಹೊಡೆದ. ಹುಬ್ಬು, ಮೂಗು, ಕೆನ್ನೆ ಚಕ್ಕೆಯಾಗಿ ಉದುರಿದವು. ಗೌಡರು ಬೆವರು ಒರೆಸಿಕೊಂಡು, ತಹಶೀಲ್ದಾರರ ಕಡೆ ಒಮ್ಮೆ ನೋಡಿ, "ಈಗ ಎರಿಯಮ್ಮ" ಎಂದರು.

ಅವ್ವ ಅವರ ಮುಖವನ್ನೇ ನೋಡಿದಳು.

"ನನ್ ಮಗ ಹೆಂಗಿದ್ದ, ಹೇಳಿ ಗೌಡ್ರೇ. ನೀವೇ ಅಲ್ವಾ ಬಾಗ್ಲಿಗೆ ಬಂದು ಕರ್ಕೊಂಡೋಗಿದ್ದು. ನೀವು ಹೇಳಿ, ಅವ್ನು ಕೆತ್ಲಿ. ಎರೀತೀನಿ."

ಗೌಡರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಕೊನೆಗೆ ಅವರ ಬಾಯಿಂದ ಬಂದದ್ದು, "ಕಪ್ಪಗಿದ್ದ."

ಅವ್ವ ಚೆಂಬು ಬಗಲಿಗಿಟ್ಟುಕೊಂಡು ಮನೆಗೆ ಬಂದಳು. ಕಲ್ಲನ್ನು ಆಮೇಲೆ ಕೆರೆಗೆ ಉರುಳಿಸಿದರು. ಆ ವರ್ಷ ನಮ್ಮ ಗದ್ದೆಗೆ ನೀರು ಬರಲಿಲ್ಲ. ಅವ್ವ ಬೇಡಲೂ ಹೋಗಲಿಲ್ಲ. ನನ್ನಣ್ಣನಿಗೆ ಇವತ್ತಿನವರೆಗೂ ಹಾಲುತುಪ್ಪ ಆಗಿಲ್ಲ.

ಕೃಷ್ಣಪ್ಪ ಬಹಳ ಕಾಲ ಬಾಳಿದ. ಕೆಟ್ಟವನೇನಲ್ಲ. ಹೊಸೂರಿನ ಬಸ್ಸಿನಲ್ಲಿ ಸಿಕ್ಕರೆ ಎದ್ದು ಸೀಟು ಬಿಡುತ್ತಿದ್ದ, "ಕೂತ್ಕೊಳ್ಳಮ್ಮ" ಎನ್ನುತ್ತಿದ್ದ. ಅವನ ಕೆನ್ನೆ ಜೋತದ್ದು, ಹುಬ್ಬು ನರೆತದ್ದು ಎಲ್ಲ ನನ್ನ ಕಣ್ಣ ಮುಂದೆಯೇ ಆಯಿತು. ಅವನ ಮುಖ ನನಗೆ ಅಂಗೈಯಷ್ಟು ಗೊತ್ತು.

ಗೊತ್ತಿಲ್ಲದಿರುವುದು ಅಣ್ಣನದು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅವನ ಮಾತು ನೆನಪಿದೆ, ತಲೆಗೆ ಮೊಟಕಿದ ಬೆರಳಿನ ಗೆಣ್ಣು ನೆನಪಿದೆ. ಮುಖ ಬೇಕೆಂದು ಕಣ್ಣು ಮುಚ್ಚಿದರೆ ಆ ಕಲ್ಲಿನ ಉಬ್ಬುಗೆನ್ನೆಯೇ ಬಂದು ನಿಲ್ಲುತ್ತದೆ. ಅವನನ್ನು ಕೊಂದವರು ಬರ್ಮಾದಲ್ಲಿದ್ದರು, ಯಾರೋ ಏನೋ. ಅವನ ಮುಖವನ್ನು ನನ್ನಿಂದ ಕಿತ್ತುಕೊಂಡವರು ನಮ್ಮೂರಿನವರೇ.

ಮೊನ್ನೆ ಏರಿಯ ಮೇಲೆ ಆ ಹುಡುಗ ಮತ್ತೆ ಕೇಳಿದ, "ಯಾಕ್ ಟೀಚರಮ್ಮ, ಕ್ವಾಪಾನಾ?" ಹೌದು ಕಣಪ್ಪ ಎಂದೆ. ಈ ವಯಸ್ಸಿನಲ್ಲಿ ಕೋಪ ಒಳ್ಳೆಯದಲ್ಲ, ಬಿಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದಾರೆ, ಬಿಡಲು ನಾನೂ ಪ್ರಯತ್ನಪಟ್ಟದ್ದುಂಟು. ಇನ್ನು ಪಡುವುದಿಲ್ಲ. ಅಣ್ಣನದು ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ.