ಸುದ್ದಿ ಕಿವಿಗೆ ಬೀಳದ ಮನೆ

ಮೇಷ್ಟ್ರ ಎರಡೂ ಕಣ್ಣಗುಡ್ಡೆಗಳ ಮೇಲೆ, ಆರಿದ ಗಂಜಿಯ ಮೇಲೆ ಕಟ್ಟುವಂಥ ಬೆಳ್ಳನೆಯ ಪೊರೆ ಇತ್ತು. ಯಾರಾದರೂ ಮಾತನಾಡಿಸಿದರೆ ಅವರು ಮುಖ ತಿರುಗಿಸುತ್ತಿರಲಿಲ್ಲ. ಗದ್ದವನ್ನು ಭುಜಕ್ಕೆ ತಾಗಿಸಿ ಒಂದು ಕಿವಿಯನ್ನು ಮುಂದೆ ಮಾಡುತ್ತಿದ್ದರು. ಎಡಗಿವಿ ಎಂದು ಬರೆಯಲು ಹೊರಟಿದ್ದೆ. ಆದರೆ ಅವರ ಎಡಕ್ಕೆ ಗೋಡೆಯಿತ್ತು, ನಾವೆಲ್ಲ ಕೂರುತ್ತಿದ್ದದ್ದು ಬಲಕ್ಕೆ. ಹಾಗಾದರೆ ನಾನು ಇಷ್ಟು ವರ್ಷ ಕಾಣುತ್ತ ಬಂದಿರುವ ಆ ಎಡಗಿವಿ ಯಾರದು? ಇಂಥ ಅನುಮಾನಗಳು ಮುಂದೆಯೂ ಬರುತ್ತವೆ. ಅವನ್ನು ಒರೆಸಿ ಹಾಕಿ ಬರೆದರೆ ಬರಹ ನುಣುಪಾದೀತು, ಮೇಷ್ಟ್ರಿಗೆ ಮಾತ್ರ ಒಪ್ಪಿಗೆಯಾಗದು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ಹೈಸ್ಕೂಲಿನಲ್ಲಿ ಭೂಗೋಳ, ಚರಿತ್ರೆ ಹೇಳುತ್ತಿದ್ದ ಅವರು ಕಣ್ಣು ಪೂರಾ ಮಂಜಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದರು. ಹೆಂಡತಿ ಎಂದೋ ತೀರಿಹೋಗಿದ್ದರು. ಒಬ್ಬನೇ ಮಗ ಸೈನ್ಯದ ಲಾರಿ ದಳದಲ್ಲಿ ಗುಮಾಸ್ತನಾಗಿ ಸೇರಿ ಈಜಿಪ್ಟಿಗೆ ಹೋಗಿದ್ದ. ಮನೆಯಲ್ಲಿ ಮೇಷ್ಟ್ರು ಮತ್ತು ಸಿರುಗುಪ್ಪದಿಂದ ಬಂದ ಅವರ ಸೊಸೆ, ಇಬ್ಬರೇ. ಅವಳು ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು. ನಾನು ಅತ್ತಿಗೆ ಎನ್ನುತ್ತಿದ್ದೆ. ಬಿ.ಎ. ಮುಗಿಸಿ ಕೆಲಸ ಸಿಗದೆ ಊರಿಗೆ ಬಂದಿದ್ದ ನನಗೆ ಮೇಷ್ಟ್ರೇ ಒಂದು ಕೆಲಸ ಕೊಟ್ಟರು. ಮದರಾಸಿನಿಂದ ರೈಲಿನಲ್ಲಿ ಒಂದು ದಿನ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಯನ್ನು ಅವರಿಗೆ ಓದಿ ಹೇಳುವುದು. "ಬಾರಲೇ ಬಿ.ಎ., ಸರ್ಕಾರ ನಿನಗ ಕೆಲಸ ಕೊಡೋತನಕ ನನ್ನ ಕಣ್ಣಾಗಿರು" ಎಂದು ಜಗಲಿಯಿಂದಲೇ ಕೂಗುತ್ತಿದ್ದರು.

ಅದು ನಲವತ್ತನೇ ಇಸವಿ. ಇಟಲಿಯ ಸರ್ವಾಧಿಕಾರಿ ತನ್ನ ವಶದಲ್ಲಿದ್ದ ಲಿಬಿಯಾದಿಂದ ಪಕ್ಕದ ಈಜಿಪ್ಟಿಗೆ ದಂಡು ನುಗ್ಗಿಸಿದ. ದಂಡು ಗಡಿ ದಾಟಿ ಸ್ವಲ್ಪ ದೂರ ಬಂದು, ಕಡಲ ದಂಡೆಯ ಒಂದು ಸಣ್ಣ ಊರಿನ ಹತ್ತಿರ ನಿಂತುಬಿಟ್ಟಿತು. ವಾರಗಳು ಕಳೆದರೂ ಅಲ್ಲಿಂದ ಕದಲಲಿಲ್ಲ. ಮಗ ಅದೇ ಮರಳಿನಲ್ಲಿ ಇದ್ದುದರಿಂದ ಮೇಷ್ಟ್ರಿಗೆ ಅದೊಂದೇ ಧ್ಯಾನ. ಕಡಪ ಬಂಡೆ ಹಾಸಿದ ಜಗಲಿಯ ಮೇಲೆ ಅವರು ಹೇಳಿದಂತೆ ಅತ್ತಿಗೆ ರಂಗೋಲಿ ಪುಡಿಯಲ್ಲಿ ಕಡಲ ದಂಡೆ ಬರೆಯುತ್ತಿದ್ದಳು. "ಇಲ್ಲಿ ಸ್ವಲ್ಪ ಡೊಂಕು ಕೊಡವ್ವ. ಹಾಂ, ಅಲ್ಲೇ ಗಡಿ." ಮೇಲೆ ಹುಣಸೆ ಬೀಜಗಳು: ಹುರಿದವು ಇಟಲಿಯವು, ಹಸಿಯವು ನಮ್ಮವು. ಮೇಷ್ಟ್ರು ಬೆರಳಲ್ಲಿ ತಡವಿ ಯುದ್ಧ ನೋಡುತ್ತಿದ್ದರು.

ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟಿದ್ದ ಟೇಲರ್ ಸಾಬರು ಒಂದು ಬೆಳಗ್ಗೆ ಜಗಲಿಯ ಅಂಚಿಗೆ ಕೂತು ನಕ್ಷೆ ನೋಡಿದರು.

"ಏನ್ರಿ ಮೇಷ್ಟ್ರೇ, ಇಟಲಿ ಫೌಜು ತಾವರಿ ಹೂವಿನ್ಯಾಗ ಸಿಕ್ಕೊಂಡೈತಲ್ಲ?"

"ಅದು ಸಮುದ್ರ ಸಾಬ್ರೇ. ನಮ್ಮ ಸೊಸಿಗೆ ನೀರು ಅಂದ್ರ ತಾವರಿ ಬರೀಲೇಬೇಕು."

ಒಳಗಿನಿಂದ ಅತ್ತಿಗೆ ನಕ್ಕದ್ದು ಕೇಳಿಸಿತು.

"ಅಷ್ಟು ದೊಡ್ಡ ಫೌಜು," ಎಂದರು ಸಾಬರು. "ಎದುರಿಗೆ ಇರೋರು ಹಿಡಿಯಷ್ಟು ಮಂದಿ. ಮತ್ಯಾಕ ನಿಂತಾರ?"

"ನೀರಿಲ್ಲ, ಲಾರಿ ಇಲ್ಲ, ರಸ್ತಿ ಇಲ್ಲ. ಮಂದಿ ಮಾತ್ರ ಐತಿ. ಮಂದಿ ಜಾಸ್ತಿ ಆದಷ್ಟೂ ನೀರೂ ಜಾಸ್ತಿ ಬೇಕು. ಉಸುಕಿನ್ಯಾಗ ನಡಕೊಂಡು ಎಷ್ಟು ದೂರ ಹೋಗಾಕ ಆಗತೈತಿ?"

"ಹೊರಡೋಕ ಮೊದ್ಲ ಗೊತ್ತಿದ್ದಿಲ್ಲೇನು?"

"ಹೊರಟೋರಿಗೆ ಗೊತ್ತಿತ್ತು. ಹೊರಡಿಸಿದಾವ್ಗ ಗೊತ್ತಿಲ್ಲ. ಜರ್ಮನಿಯಾವ ಒಬ್ಬನೇ ಗೆದ್ದು ಮುಗಿಸಿಬಿಟ್ರ ತನಗ ಪಾಲು ತಪ್ಪತೈತಿ ಅಂತ ಅವಸರ. ಕುರ್ಚಿಮ್ಯಾಲ ಕೂತು ಹೋಗ್ರಿ ಅಂದ."

"ಯಾರರ ಒಬ್ಬ, ಹುಜೂರ್ ನೀರಿಲ್ಲ ಅನ್ನಬೇಕಿಲ್ಲೇನ್ರಿ?"

"ಅಂದಾವ್ನ ಕೆಲಸ ಹೋಗತೈತಿ. ನೀರೈತಿ ಅನ್ನೋ ಇನ್ನೊಬ್ಬ ಬರ್ತಾನ. ಹಿಂಗ ವರ್ಷಗಟ್ಟಲೆ ಆರಿಸಿ ಆರಿಸಿ, ಈಗ ಅವನ ಸುತ್ತ ನೀರೈತಿ ಅನ್ನೋರ ಉಳಿದಾರ. ಆ ಹುಡುಗರು ನಕ್ಷಾದಾಗಿನ ನೀಲಿ ಬಣ್ಣ ನೆಕ್ಕಬೇಕು."

ಸಾಬರು ಸ್ವಲ್ಪ ಯೋಚಿಸಿ, "ನಮ್ಮ ಅಂಗಡ್ಯಾಗೂ ಹಂಗ ಐತಿ ಬಿಡ್ರಿ. ನಾ ಹೊಲಿದ ಅಂಗಿ ಕೆಟ್ಟೈತಿ ಅಂತ ಒಬ್ರೂ ಹೇಳಿಲ್ಲ" ಎಂದರು.

"ನಾ ಹೇಳತೀನಿ. ನಂಗ ಕಣ್ಣಿಲ್ಲ, ಕಂಕುಳ ಐತಿ."

ಆ ದಂಡಿನ ದಳಪತಿಯೇ ಮುನ್ನುಗ್ಗುವುದು ಬೇಡ ಎಂದಿದ್ದ, ಅವನ ಮಾತು ಮೇಲಿನವರು ಯಾರಿಗೂ ಬೇಕಾಗಿರಲಿಲ್ಲ ಎಂದು ಕೂಡ ಮೇಷ್ಟ್ರು ಅಂದು ಹೇಳಿದಂತೆ ನನಗೆ ನೆನಪಿದೆ. ಅದು ಸಾಧ್ಯವಿಲ್ಲ. ಆ ಸಂಗತಿ ಪುಸ್ತಕಗಳಲ್ಲಿ ಬಂದದ್ದು ಯುದ್ಧ ಮುಗಿದ ಮೇಲೆ. ಮುಂದೆ ಓದಿದ್ದನ್ನು ತಂದು ನಾನೇ ಅವರ ಬಾಯಿಗೆ ಹಾಕಿರಬೇಕು. ಆದರೆ ಒಂದು ಮಾತು ಖಂಡಿತ ಅವರದೇ, ಏಕೆಂದರೆ ಅದನ್ನು ನನಗೆ ಎಷ್ಟೋ ಸಲ ಹೇಳಿದ್ದರು: "ಸುದ್ದಿ ನಿಜ ಏನು ಅಂತ ಆಮ್ಯಾಲ ನೋಡು. ಬ್ಯಾರೆ ಸುದ್ದಿ ತಂದಿದ್ರ ತಂದಾವ್ನ ಗತಿ ಏನಾಗ್ತಿತ್ತು ಅಂತ ಮೊದ್ಲ ಕೇಳು." ನಾನು ಮುಂದೆ ಚರಿತ್ರೆ ಓದಿಸಿ ಹೊಟ್ಟೆ ಹೊರೆದೆ. ವಿಶ್ವವಿದ್ಯಾಲಯ ಕಲಿಸಿದ್ದು ಆ ಮಾತಿಗೆ ಬರೆದ ಟಿಪ್ಪಣಿಯಂತೆ ನನಗೆ ಕಾಣುತ್ತದೆ.

ಡಿಸೆಂಬರಿನಲ್ಲಿ ಇಂಗ್ಲಿಷರ, ನಮ್ಮವರ ಪಡೆಗಳು ತಿರುಗಿ ಬಿದ್ದವು. ಆ ದೊಡ್ಡ ದಂಡು ಸಾವಿರಗಟ್ಟಲೆಯಾಗಿ ಕೈ ಎತ್ತಿತು. ಸಾಬರು ಬತ್ತಾಸು ತಂದು ಹಂಚಿದರು. ಮೇಷ್ಟ್ರು ಹುರಿದ ಬೀಜಗಳನ್ನೆಲ್ಲ ಗುಡಿಸಿ ಬೀದಿಗೆ ಎಸೆದರು. ಮಗನ ಕಾಗದವೂ ಬಂತು: ಚೆನ್ನಾಗಿದ್ದೇನೆ, ಇಲ್ಲಿ ಚಳಿ ಬಹಳ.

ಮುಂದಿನ ಬೇಸಿಗೆಯ ಒಂದು ದಿನ ನನ್ನ ತಂದೆ ಮಧ್ಯಾಹ್ನವೇ ಮನೆಗೆ ಬಂದರು. ಅವರು ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು, ಸಂಜೆಯ ಮುಂಚೆ ಬಂದದ್ದೇ ಇಲ್ಲ. ಮೇಷ್ಟ್ರ ಮಗ ಸತ್ತಿದ್ದ. ಲಾರಿಗಳ ಸಾಲಿನ ಮೇಲೆ ವಿಮಾನದಿಂದ ಬಾಂಬು ಬಿದ್ದಿತ್ತಂತೆ. ನೆರೆಯವರೇ ತಿಳಿಸಲಿ ಎಂದು ಕಚೇರಿಯಲ್ಲಿ ತಂದೆಗೆ ಹೇಳಿದ್ದರು. ನನ್ನ ತಾಯಿ ಅತ್ತಿಗೆಯನ್ನು ನಮ್ಮ ಅಡುಗೆಮನೆಗೆ ಕರೆದು ಹೇಳಿದರು. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ, "ಮಾವನ್ರಿಗೆ ಹೇಳಬ್ಯಾಡ್ರಿ. ಅವರ ಎದಿ ತಡಿಯಂಗಿಲ್ಲ" ಎಂದಳು.

ಅದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದೂರದಲ್ಲಿ ಸತ್ತವರ ಸೂತಕ, ಸುದ್ದಿ ಕಿವಿಗೆ ಬಿದ್ದ ದಿನದಿಂದ ಶುರು. ಮೇಷ್ಟ್ರ ಕಿವಿಗೆ ಬಿದ್ದರೆ ಕುರುಗೋಡಿನಲ್ಲಿದ್ದ ಅವರ ತಮ್ಮ ಬರುತ್ತಾರೆ, ಮನೆತನದ ಆಚಾರಕ್ಕೆಲ್ಲ ಅವರದೇ ಯಜಮಾನಿಕೆ. ಹತ್ತನೇ ದಿನ ಅತ್ತಿಗೆಯ ಬಳೆ ಒಡೆದು, ಕುಂಕುಮ ಅಳಿಸಿ, ತಲೆ ಬೋಳಿಸುತ್ತಾರೆ. ಆಮೇಲೆ ಸಾಯುವ ತನಕ ಒಂದು ಕೆಂಪು ಸೀರೆ. ಮೇಷ್ಟ್ರ ಕಿವಿಗೆ ಬೀಳದಿದ್ದರೆ ಸೂತಕವಿಲ್ಲ, ಸೂತಕವಿಲ್ಲದಿದ್ದರೆ ಅವಳು ಮುತ್ತೈದೆ. ತಂದೆ ಮಾತನಾಡದೆ ಕಚೇರಿಗೆ ವಾಪಸಾದರು. ಅದೇ ಒಪ್ಪಿಗೆಯಾಯಿತು.

ಮಾರನೆಯ ಬೆಳಗ್ಗೆ ನಾನು ಪತ್ರಿಕೆ ಹಿಡಿದು ಹೋದಾಗ ಮೇಷ್ಟ್ರು ಹೊಸ್ತಿಲ ಬಳಿ ಬಗ್ಗಿ ನೆಲ ತಡವುತ್ತಿದ್ದರು. ಅತ್ತಿಗೆ ಅಂದು ಅಂಗಳ ಸಾರಿಸಿರಲಿಲ್ಲ, ಬಾಗಿಲಿಗೆ ರಂಗೋಲಿ ಇಟ್ಟಿರಲಿಲ್ಲ. ಸಾವಿನ ಮನೆಯಲ್ಲಿ ಇಡುವುದಿಲ್ಲವಲ್ಲ, ಸುದ್ದಿ ಮುಚ್ಚಿಡಲು ಹೇಳಿದವಳ ಕೈಯೇ ಆ ನಿಯಮವನ್ನು ತಾನಾಗಿ ಪಾಲಿಸಿಬಿಟ್ಟಿತ್ತು.

"ಸಗಣಿ ವಾಸನಿ ಬರ್ಲಿಲ್ಲ," ಎಂದರು ಮೇಷ್ಟ್ರು. "ರಂಗೋಲಿ ಹಾಕಿಲ್ಲೇನವ್ವ?"

"ಮರತೆ, ಮಾವನ್ರೇ."

ಅವರು ಬಗ್ಗಿದಲ್ಲೇ ಇದ್ದರು. ನೆಟ್ಟಗಾಗಲು ಗೋಡೆ ಹಿಡಿದುಕೊಂಡರು. "ಮರೀಬ್ಯಾಡ. ದಿನಾ ಹಾಕು. ನಾ ಇರೋತನಕ ಹಾಕು" ಎಂದರು.

"ನಾ ಇರೋತನಕ" ಎಂದರೇ? ಎಂದರು ಎಂದು ನನ್ನ ಮನಸ್ಸು ಪ್ರಮಾಣ ಮಾಡುತ್ತದೆ. ಆದರೆ ಮುಂದೆ ಆದದ್ದನ್ನೆಲ್ಲ ನೋಡಿದ ಮನಸ್ಸು ಅದು, ಅದರ ಸಾಕ್ಷಿ ನನಗೆ ಸಾಲದು. "ದಿನಾ ಹಾಕು" ಎಂದಷ್ಟೇ ಅಂದಿರಬಹುದು. ಶಿಸ್ತಿನ ಮನುಷ್ಯ, ಬೈಯದೆ ಬಿಟ್ಟದ್ದೇ ಹೆಚ್ಚು ಎಂದೂ ಇರಬಹುದು.

ಅಂದಿನಿಂದ ಅವರು ಮಗನ ಕಾಗದ ಬಂತೇ ಎಂದು ಕೇಳಲಿಲ್ಲ. ಜರ್ಮನಿಯ ಸರ್ವಾಧಿಕಾರಿ ರಷ್ಯದೊಳಗೆ ನುಗ್ಗಿದ, ಹಿಮದಲ್ಲಿ ಸಿಕ್ಕಿಕೊಂಡ. ಓದಿದೆ. ಜಗಲಿಯ ಮೇಲೆ ನಕ್ಷೆ ಏಳಲಿಲ್ಲ. "ಅದ ಕಥಿ. ಮುಂದ ಓದು" ಎಂದರು. ಟೇಲರ್ ಸಾಬರು ಎರಡು ಮೂರು ಸಲ ಬಂದು, ಮಾತು ಏಳದೆ, ಬರುವುದನ್ನು ಕಡಿಮೆ ಮಾಡಿದರು.

ಮಾರನೇ ವರ್ಷ ಕುರುಗೋಡಿನ ತಮ್ಮ ಯಾವುದೋ ಕೋರ್ಟು ಕೆಲಸಕ್ಕೆ ಬಳ್ಳಾರಿಗೆ ಬಂದವರು ಊಟಕ್ಕೆ ಬಂದರು. ಕೆಟ್ಟ ಮನುಷ್ಯರಲ್ಲ. ಅಣ್ಣನಿಗೆಂದು ಮಜ್ಜಿಗೆ ಮೆಣಸಿನಕಾಯಿ ತಂದಿದ್ದರು. ಎಲೆಯ ಮುಂದೆ ಕೂತು ಕೇಳಿದರು:

"ಅಣ್ಣ, ಹುಡುಗನ ಸುದ್ದಿ ಏನು? ಕುರುಗೋಡಿನ್ಯಾಗ ಮಂದಿ ಏನೇನೋ ಮಾತಾಡ್ತಾರ."

ಬಡಿಸುತ್ತಿದ್ದ ಅತ್ತಿಗೆಯ ಕೈಯಲ್ಲಿ ಸೌಟು ನಿಂತಿತು.

"ಮೊನ್ನೆ ಕಾಗದ ಬಂದಿತ್ತಲ್ಲ," ಎಂದರು ಮೇಷ್ಟ್ರು. "ಇವನ ಓದಿದ. ಹೌದಲ್ಲಲೇ ಬಿ.ಎ.?"

ಆ ಬಿಳಿಯ ಕಣ್ಣುಗಳು ನನ್ನ ಕಡೆ ತಿರುಗಿದವು. "ಹೌದು ಮೇಷ್ಟ್ರೇ" ಎಂದೆ.

"ಏನ್ ಬರೆದಾನ?"

"ಚಳಿ ಬಾಳ ಐತಂತ," ಎಂದರು ಮೇಷ್ಟ್ರು. "ಸಾರು ಬಡಿಸವ್ವ, ನನ್ನ ತಮ್ಮಗ ಗಟ್ಟಿ ಬ್ಯಾಳಿ ಹಾಕು."

ಮೇಷ್ಟ್ರಿಗೆ ಗೊತ್ತಿತ್ತು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ ಎಂದು ಯಾರಾದರೂ ಕೇಳಬಹುದು. ನಾನೂ ಹಲವು ಸಲ ಕೇಳಿಕೊಂಡಿದ್ದೇನೆ. ಆದರೆ ವಯಸ್ಸಾದವರ ಮೊನ್ನೆಗೆ ಆರು ತಿಂಗಳೂ ಸೇರುತ್ತದೆ, ಒಂದು ವರ್ಷವೂ ಸೇರುತ್ತದೆ. ಅವರು ಹೇಳಿದ್ದು ಆ ಹಳೆಯ ಕಾಗದದ ಮಾತೇ ಇರಬಹುದು. ಹಾಗಿದ್ದರೆ ಮೇಷ್ಟ್ರು, ಆ ಇಟಲಿಯವನ ಹಾಗೆ, ಸುತ್ತಲಿನವರೆಲ್ಲ ಸೇರಿ ಕತ್ತಲಲ್ಲಿಟ್ಟ ಇನ್ನೊಬ್ಬ ಯಜಮಾನ. ಹಾಗಲ್ಲದಿದ್ದರೆ, ಎಲ್ಲ ತಿಳಿದೂ ಮಗನಿಗಾಗಿ ಒಮ್ಮೆಯೂ ಅಳದೆ, ಒಂದು ಹಿಡಿ ಎಳ್ಳುನೀರು ಬಿಡದೆ ಇದ್ದ ತಂದೆ. ಎಳ್ಳುನೀರು ಬಿಟ್ಟಿದ್ದರೆ ಸೊಸೆಯ ತಲೆಗೂದಲು ಹೋಗುತ್ತಿತ್ತು. ಎರಡರಲ್ಲಿ ಯಾವುದು ನಿಜವಾದರೂ ನನಗೆ ನೆಮ್ಮದಿಯಿಲ್ಲ.

ಯುದ್ಧ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು. ವಿಷಮಶೀತ ಜ್ವರ. ಕುರುಗೋಡಿನ ತಮ್ಮ ಬಂದರು. ಹೆಣವನ್ನು ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿಸಿತ್ತು.

"ಮಗ ಬರೋತನಕ ಇಡಾಕ ಆಗಂಗಿಲ್ಲ," ಎಂದರು ತಮ್ಮ. "ಅವನಿಗೆ ತಂತಿ ಕೊಡಬೇಕು. ವಿಳಾಸ ಕೊಡ್ರಿ."

ನನ್ನ ತಂದೆ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೆಂಕಿ ಕೊಡಬೇಕಾದವನ ಬಗ್ಗೆ ಸುಳ್ಳು ಹೇಳಲು ಯಾವ ದಾರಿಯೂ ಉಳಿದಿರಲಿಲ್ಲ. ಹೇಳಿದರು.

ತಮ್ಮ ಅಣ್ಣನ ಮುಖ ನೋಡಿದರು. ಆಮೇಲೆ ಅತ್ತಿಗೆಯ ಹಣೆ ನೋಡಿದರು. "ಎರಡು ವರ್ಷ ಮುತ್ತೈದಿ ಅಂತ ಉಂಡಾಳೇನು?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. "ದೇವರಿಗೆ ಅದ ಕೈಯಿಂದ ನೈವೇದ್ಯ ಆಗೈತೇನು?"

ನಾನು ಮುಂದೆ ಹೋಗಿ, ಕಾಲ ಬದಲಾಗಿದೆ, ಬಳ್ಳಾರಿಯಲ್ಲೇ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ, ಅವಳನ್ನು ಸಿರುಗುಪ್ಪಕ್ಕೆ ಹಾಗೇ ಕಳಿಸಿಕೊಡಿ ಎಂದೆ. ಅವರು ಸಮಾಧಾನದಿಂದಲೇ ಕೇಳಿದರು. "ನೀ ಓದಿದ ಹುಡುಗ, ನಿನಗ ನಡೀತೈತಿ" ಎಂದರು. ಸಿರುಗುಪ್ಪದಿಂದ ಬಂದಿದ್ದ ಅತ್ತಿಗೆಯ ಅಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಹತ್ತನೇ ದಿನ ಹಿತ್ತಲಲ್ಲಿ ಎರಡು ಸಾವಿನ ಕೆಲಸವೂ ಒಟ್ಟಿಗೆ ಮುಗಿಯಿತು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷದ ಮೇಲೆ ಪರೀಕ್ಷೆಯ ಕೆಲಸವೊಂದಕ್ಕೆ ಸಿರುಗುಪ್ಪಕ್ಕೆ ಹೋಗಿದ್ದೆ. ವಿಚಾರಿಸಿಕೊಂಡು ಅವಳ ಅಣ್ಣನ ಮನೆಗೆ ಹೋದೆ. ಅತ್ತಿಗೆ ಹಿಂದಿನ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೆಂಪು ಸೀರೆಯ ಸೆರಗು ಹಣೆಯ ತನಕ ಇತ್ತು. ಮದುವೆಯಾಯಿತೇ, ಮಕ್ಕಳೆಷ್ಟು, ಅಮ್ಮನ ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿದಳು. ನಾನು ಕೇಳಬೇಕೆಂದು ಬಂದದ್ದು ಒಂದೇ.

"ಅತ್ತಿಗಿ, ಮೇಷ್ಟ್ರಿಗೆ ಗೊತ್ತಿತ್ತೇನ್ರಿ?"

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತಿತ್ತು ಅಂದ್ರ ನಿನಗ ಸಮಾಧಾನ ಆಗತೈತೇನು?"

"ಅವರು ನಿಮಗ ಎರಡು ವರ್ಷ ಉಳಿಸಿಕೊಟ್ರು ಅಂತ ತಿಳಕೋಬೌದಿತ್ತು."

"ಎರಡು ವರ್ಷ" ಎಂದಳು. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಮೊದ್ಲ ಆಗಿಹೋಗಿದ್ರ ಚಲೋ ಇತ್ತು ನೋಡು. ಆ ಎರಡು ವರ್ಷದಾಗ ಕೂದಲ ಇನ್ನಷ್ಟು ಉದ್ದ ಬೆಳದಿತ್ತು."

ಒಳಗಿನಿಂದ ಯಾರೋ ಅಕ್ಕಿ ಆಯಿತೇ ಎಂದು ಕೂಗಿದರು. ಅವಳು ಮೊರ ಹಿಡಿದು ಎದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾನೂ ಎದ್ದೆ. ಅವಳು ಇರು ಎನ್ನಲಿಲ್ಲ.